ಎರಡು ಕಟ್ಟೆ, ಎರಡು ಕೈ

ನಮ್ಮೂರಿನಲ್ಲಿ ಆಟಗಾರರ ಎಡಗೈ ಮೇಲಿನ ಕಟ್ಟೆಯ ಮಾತು ಕೇಳುತ್ತದೆ, ಬಲಗೈ ಕೆಳಗಿನ ಕಟ್ಟೆಯ ಮಾತು ಕೇಳುತ್ತದೆ. ಯಾವಾಗಿನಿಂದ ಹೀಗೆ ಎಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ಹಳೆಯ ಟಾಕೀಸಿನಲ್ಲಿ ಕಂಪ್ಯೂಟರುಗಳನ್ನಿಟ್ಟು ಕೋಟೆ ಆಟದ ಪಂದ್ಯ ನಡೆಸಲು ಶುರು ಮಾಡಿದ್ದು ನನ್ನ ಕಾಲದಲ್ಲೇ. ಅದಕ್ಕೂ ಮೊದಲು ಕೇರಂ ಆಡುತ್ತಿದ್ದಾಗಲೂ ಇದೇ ಕಥೆಯಂತೆ. ಪಂದ್ಯದ ದಿನ ಹತ್ತಿರ ಬಂದಾಗ ಜನ ಕಟ್ಟೆಗೆ ಹೋಗಿ, ಯಾರು ಗೆಲ್ಲುತ್ತಾರೆ ಎನಿಸುತ್ತದೋ ಅವರ ಹೆಸರಿಗೆ ಗುಲಗಂಜಿ ಕಾಳು ಇಡುತ್ತಾರೆ. ಸೋಲುತ್ತಾರೆ ಎನಿಸಿದರೆ ವಿರುದ್ಧವೂ ಇಡಬಹುದು. ಪರವಾಗಿ ಕಾಳು ಬಿದ್ದಂತೆ ಅಂಕಿ ಏರುತ್ತದೆ, ಅಂಕಿ ಏರಿದಂತೆ ಆಟಗಾರನ ಬೆರಳು ಹಗುರಾಗುತ್ತದೆ. ನೂರಕ್ಕೆ ಎಂಬತ್ತಾದರೆ ಬೆರಳು ಓಡುತ್ತದೆ, ಇಪ್ಪತ್ತಕ್ಕೆ ಇಳಿದರೆ ಜೋಮು ಹಿಡಿದು ಕೂರುತ್ತದೆ.

ಕಾಳು ಗೆದ್ದವರಿಗೆ ಏನು ಸಿಗುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ಏನೂ ಸಿಗುವುದಿಲ್ಲ. ಹೆಚ್ಚು ಕಾಳಿದ್ದವರು ಟಾಕೀಸಿನ ಮುಂದಿನ ಸಾಲಿನಲ್ಲಿ ಕೂತು ಹಿಂದಿನವರಿಗೆ ತಮ್ಮ ತಲೆ ಅಡ್ಡ ಹಿಡಿಯುತ್ತಾರೆ. ಮನುಷ್ಯನಿಗೆ ಅಷ್ಟು ಸಾಕು. ನಾನು ಬಸಲಿಂಗವ್ವ, ಪಂದ್ಯಕ್ಕೆ ಮೊದಲು ಆಟಗಾರರ ಕೈಗೆ ಎಣ್ಣೆ ತಿಕ್ಕುವವಳು. ಯಾರದೇ ಎರಡು ಕೈ ಹಿಡಿದರೂ ಎರಡೂ ಕಟ್ಟೆಯ ಅಂಕಿ ಹೇಳಬಲ್ಲೆ.

ಎರಡು ಕಟ್ಟೆಗಳ ಸ್ವಭಾವ ಬೇರೆ. ಮೇಲಿನ ಕಟ್ಟೆಯಲ್ಲಿ ದೊಡ್ಡ ಕರಿಹಲಗೆ ಇದೆ, ಒಂದೊಂದು ಕಾಳು ಬಿದ್ದಾಗಲೂ ಅಂಕಿ ಅಳಿಸಿ ಬರೆಯುತ್ತಾರೆ. ಜನ ಹಲಗೆಯನ್ನೇ ನೋಡುತ್ತಾ, ಅಂಕಿ ಏರುತ್ತಿದೆ ಎಂದರೆ ತಾವೂ ಏರಿಸುತ್ತಾ, ಬಾಯಿಗೆ ಬಂದದ್ದು ಕೂಗುತ್ತಾ ಇರುತ್ತಾರೆ. ಅಲ್ಲಿ ಅರ್ಧ ಜನಕ್ಕೆ ಆಟಗಾರನ ಮುಖವೂ ಗೊತ್ತಿರುವುದಿಲ್ಲ. ಕೆಳಗಿನ ಕಟ್ಟೆಯಲ್ಲಿ ಹಲಗೆ ಇಲ್ಲ, ಒಂದು ಮಣ್ಣಿನ ಗಡಿಗೆ ಇದೆ. ಕಾಳು ಹಾಕಿ ಬಾಯಿ ಮುಚ್ಚಿಕೊಂಡು ಹೋಗಬೇಕು. ಗಡಿಗೆಯ ಯಜಮಾನ ದಾದಾಪೀರ ದಿನಕ್ಕೊಮ್ಮೆ ಸಂಜೆ, ಪಂದ್ಯದ ದಿನವಾದರೆ ಮೊದಲ ಆಟ ಮುಗಿದ ಮೇಲೆ, ಕಾಳು ಎಣಿಸಿ ಅಂಕಿ ಹೇಳುತ್ತಾನೆ. ಅವನು ಎಣಿಸುವವರೆಗೆ ಒಳಗಿನ ಕಾಳಿಗೆ ಜೀವವಿಲ್ಲ. ಅಲ್ಲಿಗೆ ಹೋಗುವವರು ಹಳಬರು, ಅನುಮಾನದವರು, ಹೋದ ವರ್ಷದ ಸೋಲನ್ನು ಇನ್ನೂ ಮರೆಯದವರು. ನಡುವೆ ಒಂದು ಸಲ ಯಾರೋ ಮೊಬೈಲಿನಲ್ಲೇ ಕಾಳು ಇಡುವ ಮೂರನೇ ಕಟ್ಟೆ ತೆರೆದಿದ್ದರು. ಇರುವುದು ಎರಡೇ ಕೈ, ಆ ಅಂಕಿ ಎಲ್ಲಿಗೆ ಹೋಗಬೇಕು? ಆಟಗಾರರ ಕುತ್ತಿಗೆಗೆ ಹೋಯಿತು. ಊರಿನ ಒಳ್ಳೊಳ್ಳೆಯ ಆಟಗಾರರೆಲ್ಲ ಒಂದು ಬೇಸಿಗೆಯಿಡೀ ಸೊಟ್ಟ ಕುತ್ತಿಗೆಯಲ್ಲಿ ಓಡಾಡಿದ ಮೇಲೆ ಅದನ್ನು ಮುಚ್ಚಿಸಿದರು.

ಎರಡು ಕಟ್ಟೆಗಳ ಅಂಕಿ ಒಂದೇ ಇದ್ದರೆ ತೊಂದರೆಯಿಲ್ಲ. ಅಂತರ ಬಿದ್ದಾಗಲೇ ಕಷ್ಟ. ಕೋಟೆ ಆಟದಲ್ಲಿ ಎಡಗೈ ಸೈನಿಕರನ್ನು ನಡೆಸುತ್ತದೆ, ಬಲಗೈ ಗುರಿ ಇಡುತ್ತದೆ. ಒಂದು ಕೈ ಮುಂದೆ ಓಡಿ ಇನ್ನೊಂದು ಹಿಂದೆ ಉಳಿದರೆ ಎಂಥ ಜಾಣನ ಕೋಟೆಯೂ ಬೀಳುತ್ತದೆ. ಅದಕ್ಕೇ ಊರಿನಲ್ಲಿ ಸರಿದೂಗಿಸುವವರು ಎಂದು ಇರುತ್ತಾರೆ. ನನ್ನ ಅಣ್ಣ ಗದಿಗೆಪ್ಪ ಆ ಕೆಲಸದವನು. ಮೇಲಿನ ಕಟ್ಟೆಗೂ ಕೆಳಗಿನ ಕಟ್ಟೆಗೂ ಹತ್ತಿಳಿದು ಹೋಲಿಸಿ ನೋಡುವುದು, ಅಂಕಿ ಏರಿದ ಕಡೆ ವಿರುದ್ಧ ಕಾಳು ಇಡುವುದು, ಇಳಿದ ಕಡೆ ಪರವಾಗಿ ಇಡುವುದು. ಎರಡೂ ಒಂದೇ ಮಟ್ಟಕ್ಕೆ ಬಂದವು ಎಂದರೆ ಕೆಲಸ ಮುಗಿಯಿತು. ಯಾರು ಗೆದ್ದರೂ ಒಂದು ಕಟ್ಟೆಯಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸು ಬರುತ್ತದೆ, ಅವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅವನು ದೂಗಿಸಿದ ಕೈಗಳನ್ನು ಹಿಡಿದರೆ ನನಗೇ ಹಿತವಾಗುತ್ತಿತ್ತು. ಅಣ್ಣನೆಂದು ಹೇಳುತ್ತಿಲ್ಲ, ಅಂಥ ಕೆಲಸ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ಒಂದು ಕಟ್ಟುನಿಟ್ಟಿತ್ತು. ಹೆತ್ತವರು ಕಟ್ಟೆ ಹತ್ತುವಂತಿಲ್ಲ. ಏಕೆಂದರೆ ಎಲ್ಲರ ಕಾಳೂ ಕೈಯೊಳಗೆ ಒಂದೇ ತೂಕ ಬೀಳುವುದಿಲ್ಲ. ಆಟಗಾರ ಯಾರನ್ನು ಎಷ್ಟು ಹಚ್ಚಿಕೊಂಡಿದ್ದಾನೋ ಅವರ ಕಾಳು ಅಷ್ಟು ಎಳೆಯುತ್ತದೆ. ಅಪರಿಚಿತರದು ಕಾಳಿನಷ್ಟೇ. ಹಲಗೆಗೂ ಗಡಿಗೆಗೂ ಈ ವ್ಯತ್ಯಾಸ ಕಾಣುವುದಿಲ್ಲ, ಅವು ಕಾಳನ್ನಷ್ಟೇ ಎಣಿಸುತ್ತವೆ. ಕೈಗೆ ಮಾತ್ರ ಗೊತ್ತಾಗುತ್ತದೆ. ಹಿಂದೆ ಒಬ್ಬ ತಾಯಿ ಕದ್ದು ಮಗನ ಪರವಾಗಿ ಒಂದು ಕಾಳು ಹಾಕಿದ್ದಕ್ಕೆ ಅವನ ಕೈ ಮೇಜಿನ ಮೇಲೆ ನಿಲ್ಲದೆ ಮೇಲಕ್ಕೆದ್ದು, ಆಟವಿಡೀ ಪಕ್ಕದವರು ಹಿಡಿದು ಕೂರಿಸಬೇಕಾಯಿತು.

ಅಣ್ಣನ ಒಬ್ಬಳೇ ಮಗಳು ಇಂದುಮತಿ. ಅವಳ ತಾಯಿ ತೀರಿಕೊಂಡಾಗ ಅವಳಿಗಿನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ಸಾಕಿದವಳು ನಾನು. ಚಿಕ್ಕವಳಿದ್ದಾಗ ಪ್ರತಿ ಪಂದ್ಯದ ಬೆಳಿಗ್ಗೆ ಅಪ್ಪನ ಮುಂದೆ ಹೋಗಿ ನಿಲ್ಲುತ್ತಿದ್ದಳು. "ಅಪ್ಪಾ, ಗೆಲ್ತೀನೇನು?" ಎಂದು ಕೇಳುತ್ತಿದ್ದಳು. ಅವನು ಒಂದು ಸಲವಾದರೂ ಗೆಲ್ಲುತ್ತೀ ಮಗಳೇ ಎಂದಿದ್ದರೆ ಕೇಳಿ. "ಐವತ್ತೆಂಟು" ಎನ್ನುತ್ತಿದ್ದ. ಇಲ್ಲವೇ "ನಲವತ್ಮೂರು". ಅವನ ಮಟ್ಟಿಗೆ ಅದು ಪ್ರಾಮಾಣಿಕ ಉತ್ತರ, ಅವನಿಗೆ ಬೇರೆ ಉತ್ತರ ಗೊತ್ತೂ ಇರಲಿಲ್ಲ. ದೊಡ್ಡವಳಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ಆಮೇಲೆ ಮಾತಾಡುವುದನ್ನೂ ಬಿಟ್ಟಳು. ಅಪ್ಪ ಊಟಕ್ಕೆ ಕೂತರೆ ಅವಳು ತಟ್ಟೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. "ಅಪ್ಪಗ ನಾನು ಬರೀ ಒಂದು ಅಂಕಿ, ಅತ್ತಿ" ಎಂದು ಅವಳು ನನ್ನ ಹತ್ತಿರ ಗೊಣಗುವುದು, "ಆಕಿಗೆ ನಾ ಲೆಕ್ಕಕ್ಕೇ ಇಲ್ಲ" ಎಂದು ಅವನು ಗೊಣಗುವುದು. ಇಬ್ಬರ ನಡುವೆ ನನ್ನ ತಲೆ ಚಿಟ್ಟು ಹಿಡಿದು ಹೋಗುತ್ತಿತ್ತು.

ಆ ವರ್ಷ ಅವಳು ಫೈನಲ್‌ಗೆ ಬಂದಳು. ಎದುರಾಳಿ ಹೊಳೆಯಾಚೆಯ ವಜ್ರಕುಮಾರ. ಗೆದ್ದವರನ್ನು ಹೊರಗಿನ ಊರುಗಳಿಗೆ ಆಡಲು ಕಳಿಸುತ್ತಿದ್ದರು, ಅದೂ ಒಂದೇ ಸಲ, ಮುಂದೆ ಕಳಿಸುವ ಭರವಸೆ ಇರಲಿಲ್ಲ. ಇಂದುಮತಿಗೆ ಬಹುಮಾನದ ಆಸೆ ಇರಲಿಲ್ಲ. ಹಿಂದಿನ ವಾರ ಅವಳ ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದಾಗ ಹೇಳಿದ್ದಳು. "ಅಲ್ಲಿ ಕಟ್ಟಿ ಇಲ್ಲಂತ, ಅತ್ತಿ. ಕೈ ಅಂದ್ರ ಬರೀ ಕೈ ಅಂತ. ಯಾರೂ ಒಳಗ ಬಂದು ಕೂಡೂದಿಲ್ಲಂತ. ಒಮ್ಮೆರ ನನ್ನ ಕೈಲೆ ನಾ ಆಡಿ ನೋಡಬೇಕು." ಇಷ್ಟು ವರ್ಷ ಅವಳ ಕೈ ಹಿಡಿದವಳು ನಾನು. ಅವಳಿಗೆ ಅದು ಎಷ್ಟು ಬೇಕಾಗಿತ್ತು ಎಂದು ನನಗೆ ಗೊತ್ತು.

ಫೈನಲ್ ಬಂತೆಂದರೆ ಮೇಲಿನ ಕಟ್ಟೆಗೆ ಹುಚ್ಚು ಹಿಡಿಯುತ್ತದೆ. ನಮ್ಮೂರ ಹುಡುಗಿ ನಮ್ಮೂರ ಹುಡುಗಿ ಎಂದು ಕೂಗಿ ಕೂಗಿ ಅಂಕಿಯನ್ನು ಎಂಬತ್ತಕ್ಕೆ ಒಯ್ದರು. ಕೆಳಗಿನ ಕಟ್ಟೆಯವರು ಹಿಂದಿನ ವರ್ಷ ಅವಳು ಗೆಲ್ಲುವ ಆಟ ಕೈಬಿಟ್ಟದ್ದನ್ನು ನೆನೆದು ಮೂಗು ಮುರಿದರು. ಸಂಜೆ ದಾದಾಪೀರ ಗಡಿಗೆ ಎಣಿಸಿ ನಲವತ್ತು ಎಂದ. ಇಂದುಮತಿಯ ಪಂದ್ಯಗಳಿಗೆ ಅಣ್ಣನ ಬದಲಿಗೆ ಸೋಮರಾಯ ಎಂಬ ಇನ್ನೊಬ್ಬ ಸರಿದೂಗಿಸುವವನು ಕಟ್ಟೆ ಹತ್ತುತ್ತಿದ್ದ. ಅವನು ಆ ಬೇಸಿಗೆಯಲ್ಲೇ ತೀರಿಕೊಂಡಿದ್ದ.

ಪಂದ್ಯದ ಬೆಳಿಗ್ಗೆ ಅಣ್ಣ ಹೊರಗಿನ ಪಡಸಾಲೆಯಲ್ಲಿ ಚಹಾ ಮುಂದಿಟ್ಟುಕೊಂಡು ಕೂತಿದ್ದ. ಇಂದುಮತಿ ಸ್ನಾನ ಮಾಡಿ ಬಂದವಳು ಹೊಸ್ತಿಲ ಹತ್ತಿರ ನಿಂತಳು. ಬಲಗೈಯಲ್ಲಿ ಲೋಟ, ಎಡಗೈಯ ಬೆರಳುಗಳು ಆಗಲೇ ಗಾಳಿಯಲ್ಲಿ ಓಡುತ್ತಿದ್ದವು. ಎಷ್ಟೋ ವರ್ಷಗಳ ನಂತರ ಅಪ್ಪನ ಕಡೆ ನೋಡಿ ಕೇಳಿದಳು.

"ಅಪ್ಪಾ, ಗೆಲ್ತೀನೇನು?"

ಒಳಗೆ ರೊಟ್ಟಿ ಬಡಿಯುತ್ತಿದ್ದ ನಾನು ಕೈ ನಿಲ್ಲಿಸಿದೆ. ಹೂಂ ಅನ್ನೋ, ಒಂದು ಸಲ ಹೂಂ ಅನ್ನು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

"ಮ್ಯಾಲೆ ಎಂಬತ್ತು," ಎಂದ ಅಣ್ಣ. "ಕೆಳಗ ನಲವತ್ತು."

ಅವಳು ಲೋಟ ಕೆಳಗಿಟ್ಟು ಹೊರಟು ಹೋದಳು. ಅವನು ಅವಳ ಬೆನ್ನನ್ನೇ ನೋಡುತ್ತಿದ್ದ. ಆಮೇಲೆ ಎದ್ದು ಗೂಟದಿಂದ ಕಾಳಿನ ಚೀಲ ತೆಗೆದ.

"ಯಾವ ಕಡೆ?" ಎಂದೆ.

"ಆಕೀ ಮುಖ ನೋಡಿದಿಲ್ಲೇ? ಎರಡೂ ಕೈ ಎರಡೂರಿಗೆ ಹೊಂಟಾವ. ಸರಿದೂಗಿಸಿ ಬರ್ತೀನಿ."

"ಹೆತ್ತವರು ಕಟ್ಟಿ ಹತ್ತಬಾರದೋ, ನಿನಗ ಹೇಳಿ ಕೊಡಬೇಕೇನು?"

"ಮತ್ತ ಯಾರು ಹತ್ತಬೇಕು? ಸೋಮರಾಯ ಎದ್ದು ಬರ್ತಾನೇನು?"

"ನಿನ್ನ ಕಾಳು ಭಾರ ಬೀಳ್ತೈತಿ."

ಅವನು ನಕ್ಕ. ಅಂಥ ನಗು ನೋಡಲು ನನಗೆ ಇಷ್ಟವಿರಲಿಲ್ಲ. "ನನ್ನ ಜೋಡಿ ಕೂತು ಉಣ್ಣಾಕ ಒಲ್ಲೆ ಅಂತಾಳ. ಆಕೀ ಕೈಯಾಗ ನನ್ನ ತೂಕ ಎಷ್ಟಿದ್ದೀತು? ಊರ ಮಂದಿಗಿಂತ ಒಂದು ಗುಂಜಿ ಹೆಚ್ಚಿದ್ರ ನನ್ನ ಪುಣ್ಯ."

ಹಾಗೆಂದು ನಿಜವಾಗಿ ನಂಬಿದ್ದ. ಊರಿನ ಎಲ್ಲರ ಅಂಕಿ ಅವನ ನಾಲಿಗೆಯ ತುದಿಯಲ್ಲಿತ್ತು, ತನ್ನದೊಂದು ಗೊತ್ತಿರಲಿಲ್ಲ. ಆಟ ಶುರುವಾಗುವವರೆಗೂ ಹಲಗೆ ನೋಡಿ, ಅಪರಿಚಿತನೊಬ್ಬ ಎಂಬತ್ತನ್ನು ಅರವತ್ತಕ್ಕೆ ಇಳಿಸಲು ಎಷ್ಟು ಬೇಕೋ ಅಷ್ಟು, ಹಿಡಿ ತುಂಬ ಕಾಳನ್ನು ಮೇಲಿನ ಕಟ್ಟೆಯಲ್ಲಿ ಮಗಳ ವಿರುದ್ಧ ಇಟ್ಟ. ಕೆಳಗಿಳಿದು ಬಂದು ಇನ್ನೊಂದು ಹಿಡಿಯನ್ನು ಗಡಿಗೆಗೆ ಅವಳ ಪರವಾಗಿ ಹಾಕಿದ. ಅದು ಎಣಿಕೆಯಾಗುವುದು ಮೊದಲ ಆಟದ ಮೇಲೆ ಎಂದು ಅವನಿಗೆ ಗೊತ್ತಿತ್ತು. ಒಂದು ಆಟ ತಾನೇ, ಆಮೇಲೆ ಎರಡೂ ಸಮ ಎಂದುಕೊಂಡ. ಜನಕ್ಕೂ ಯಾರೋ ಒಬ್ಬರು ಸರಿದೂಗಿಸಿದರೆ ಸಾಕಾಗಿತ್ತು, ಯಾರೂ ತಡೆಯಲಿಲ್ಲ. ಹೋಗಿ ಮೇಲಿನ ಕಟ್ಟೆಯ ಮೆಟ್ಟಿಲ ಮೇಲೆ ಹಲಗೆಗೆ ಎದುರಾಗಿ ಕೂತ.

ನಾನು ಟಾಕೀಸಿನಲ್ಲಿದ್ದೆ. ಆಟ ಶುರುವಾಗಿ ಇಂದುಮತಿ ಎರಡು ಹೆಜ್ಜೆ ಸೈನ್ಯ ನಡೆಸಿರಲಿಲ್ಲ, ಅವಳ ಎಡಗೈ ಕೀಲಿಗಳ ಮೇಲೆ ಧೊಪ್ಪನೆ ಬಿತ್ತು. ಎತ್ತಲು ನೋಡಿದಳು. ಮೊಣಕೈ ಎದ್ದಿತು, ಬೆರಳು ಏಳಲಿಲ್ಲ. ಜನ ಅವಳು ಏನೋ ಉಪಾಯ ಮಾಡುತ್ತಿದ್ದಾಳೆ ಎಂದುಕೊಂಡು ಸೀಟಿ ಹೊಡೆದರು. ಪರದೆಯ ಮೇಲೆ ಅವಳ ಸೈನಿಕರು ನಿಂತಲ್ಲೇ ನಿಂತರು, ವಜ್ರಕುಮಾರ ಒಬ್ಬೊಬ್ಬರನ್ನಾಗಿ ಹೊಡೆದು ಕೋಟೆಯೊಳಗೆ ನಡೆದುಬಂದ.

ಮೂರರಲ್ಲಿ ಒಂದು ಆಟ ಹೋಯಿತು. ಬಿಡುವಿನಲ್ಲಿ ನಾನು ಎಣ್ಣೆಯ ಬಟ್ಟಲು ಹಿಡಿದು ಓಡಿದೆ. ಅವಳ ಎಡಗೈಯನ್ನು ನನ್ನ ಎರಡೂ ಅಂಗೈಯಲ್ಲಿ ತೆಗೆದುಕೊಂಡೆ. ಎಷ್ಟೋ ವರ್ಷದಿಂದ ಈ ಕೆಲಸ ಮಾಡಿದ್ದೇನೆ, ಅಂಥ ಭಾರ ಒಂದು ಕೈಯಲ್ಲಿ ಕಂಡಿರಲಿಲ್ಲ. ನೀರು ತುಂಬಿದ ಕೊಡ ಎತ್ತಿದ ಹಾಗಾಯಿತು. ಊರು ಪೂರ್ತಿ ವಿರುದ್ಧ ತಿರುಗಿದರೂ ಅಷ್ಟಾಗುವುದಿಲ್ಲ.

"ಅತ್ತಿ," ಎಂದಳು ಇಂದುಮತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. "ಇದು ಯಾರದು?"

"ಯಾರದೋ ಏನೋ," ಎಂದೆ, ತಲೆ ಎತ್ತದೆ ತಿಕ್ಕುತ್ತಾ.

"ಅಪ್ಪಂದು."

ನಾನು ಬಟ್ಟಲಿನಿಂದ ಇನ್ನಷ್ಟು ಎಣ್ಣೆ ಸುರಿದೆ.

"ನನ್ನ ವಿರುದ್ಧ ಇಟ್ಟಾನ," ಎಂದಳು. ಯಾರದೋ ಸುದ್ದಿ ಹೇಳುವಂತೆ ಹೇಳಿದಳು. ಅಷ್ಟು ಹೊತ್ತಿಗೆ ಹೊರಗೆ ದಾದಾಪೀರ ಗಡಿಗೆ ಎಣಿಸಿ ಮುಗಿಸಿರಬೇಕು. ನಾನು ನೋಡುತ್ತಿದ್ದ ಹಾಗೆಯೇ ಅವಳ ಬಲಗೈ ಮೇಜಿನಿಂದ ಮೇಲೆದ್ದಿತು. ಒತ್ತಿ ಹಿಡಿದೆ, ನನ್ನ ಕೈಯನ್ನೂ ಎತ್ತಿಕೊಂಡು ಎದ್ದಿತು. ಎಡಗೈ ಏಳಲೊಲ್ಲದು, ಬಲಗೈ ಕೂರಲೊಲ್ಲದು. ಎರಡನೇ ಆಟದಲ್ಲಿ ಅವಳು ಬಲಗೈಯನ್ನು ಗದ್ದದಿಂದ ಒತ್ತಿ ಹಿಡಿದು ಆಡಲು ನೋಡಿದಳು. ಜನ ನಕ್ಕರು. ಹೊಳೆಯಾಚೆಯ ಹುಡುಗ ಮಾತ್ರ ನಗಲಿಲ್ಲ, ಆದಷ್ಟು ಬೇಗ ಮುಗಿಸಿದ. ಅವನು ಒಳ್ಳೆಯವನು.

ನಾನು ಓಡಿಹೋದಾಗ ಅಣ್ಣ ಇನ್ನೂ ಮೆಟ್ಟಿಲ ಮೇಲೆಯೇ ಇದ್ದ. ಮುಖ ಅರಳಿತ್ತು. "ನೋಡು ನೋಡು," ಎಂದು ಹಲಗೆ ತೋರಿಸಿದ. "ಮ್ಯಾಲೂ ಅರವತ್ತು, ಕೆಳಗೂ ಅರವತ್ತು. ಒಂದು ಕಾಳ ಹೆಚ್ಚಿಲ್ಲ, ಒಂದು ಕಾಳ ಕಡಿಮಿಲ್ಲ. ಇಷ್ಟು ಚಂದ ನಾ ಎಂದೂ ದೂಗಿಸಿಲ್ಲ, ಬಸಲಿಂಗಿ." ಅವನಿಗೆ ಹೇಗೆ ಹೇಳಲಿ? ಹೇಳಿದೆ. ಅವನು ಮೊದಲು ನಂಬಲಿಲ್ಲ, ಮತ್ತೆ ಮತ್ತೆ ಹಲಗೆಯ ಕಡೆ ನೋಡಿದ. ಆಮೇಲೆ ಯಾವ ಕೈ ಎಷ್ಟು ಎಂದು ಬಿಡಿಸಿ ಬಿಡಿಸಿ ಕೇಳಿದ. ನಾನು ಹೇಳಿ ಮುಗಿಸಿದಾಗ ಅವನು ಹಲಗೆಗೆ ಬೆನ್ನು ಮಾಡಿ ಕೂತಿದ್ದ.

ಮನೆಗೆ ಬಂದಾಗ ಇಂದುಮತಿ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಪಂದ್ಯ ಮುಗಿದರೆ ಕಾಳುಗಳನ್ನು ಗೆದ್ದವರಿಗೆ ಹಂಚಿಬಿಡುತ್ತಾರೆ, ಕೈ ಖಾಲಿಯಾಗುತ್ತದೆ. ಅವಳ ಎರಡೂ ಕೈ ಆಗ ನೆಟ್ಟಗೆ ಕೆಲಸ ಮಾಡುತ್ತಿದ್ದವು.

"ಸರಿದೂಗಿಸಾಕ ಹೋಗಿದ್ದೆನವ್ವ," ಎಂದ ಅಣ್ಣ ಬಾಗಿಲಲ್ಲೇ ನಿಂತು.

"ಗೊತ್ತೈತಿ."

"ಸೋಲಲಿ ಅಂತ ಇಟ್ಟಿಲ್ಲ."

"ಅದೂ ಗೊತ್ತೈತಿ, ಅಪ್ಪಾ. ನಿನ್ನ ಕೆಲಸ ನನಗ ಗೊತ್ತಿಲ್ಲೇನು?" ಮಡಚಿದ ಅಂಗಿಯನ್ನು ಮತ್ತೆ ಬಿಚ್ಚಿ ಮಡಚಿದಳು. "ಆದ್ರ ಹಿಡಿ ತುಂಬ ಯಾಕ ಇಟ್ಟಿ? ನಿಂದು ಒಂದ ಕಾಳ ಸಾಕಿತ್ತಲ್ಲ."

ಅಣ್ಣ ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಂಡ. "ನಾ ಅಷ್ಟು ಭಾರ ಇದ್ದೀನಂತ ನನಗ ಗೊತ್ತಿರಲಿಲ್ಲ."

ಅವಳು ಚೀಲದ ಬಾಯಿ ಕಟ್ಟಿದಳು. "ಸೋತದ್ದಕ್ಕ ನಾ ಅಳೂದಿಲ್ಲ," ಎಂದಳು. "ಅದು ನಿನಗ ಗೊತ್ತಿರಲಿಲ್ಲ ಅಂದಿಯಲ್ಲ, ಅದಕ್ಕ ಅಳು ಬರ್ತೈತಿ." ಚೀಲ ಹೆಗಲಿಗೆ ಹಾಕಿಕೊಂಡು, ನನ್ನ ಕೆನ್ನೆ ಮುಟ್ಟಿ ಹೋದಳು. ಟಾಕೀಸಿನ ಹಿಂದಿನ ಓಣಿಯಲ್ಲಿ ಗೆಳತಿಯ ಜೊತೆ ಕೋಣೆ ಮಾಡಿದಳು.

ಆಮೇಲೆ ಹೊರಗಿನ ಊರುಗಳಿಗೆ ಯಾರನ್ನೂ ಕಳಿಸಲಿಲ್ಲ. ಇಂದುಮತಿ ಆಡುವುದನ್ನು ಬಿಡಲಿಲ್ಲ. ಟಾಕೀಸಿನಲ್ಲಿ ದಿನವೂ ನಡೆಯುವ ಸಣ್ಣ ಪಂದ್ಯಗಳಲ್ಲಿ ಆಡುತ್ತಾಳೆ, ಬೇರೆಯವರಿಗೆ ಕಲಿಸುತ್ತಾಳೆ. ಎಣ್ಣೆ ತಿಕ್ಕಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಾಳೆ. ಅಪ್ಪನ ಹೆಸರು ಎತ್ತುವುದಿಲ್ಲ, ನಾನೇ ಎತ್ತಿದರೆ ಬೆರಳ ಕಡೆ ನೋಡುತ್ತಾ ಕೂರುತ್ತಾಳೆ. ಅಣ್ಣ ಸರಿದೂಗಿಸುವ ಕೆಲಸ ಬಿಟ್ಟ. ಕರೆಯಲು ಬಂದವರಿಗೆ ಮೊಣಕಾಲು ನೋವು ಎಂದು ಹೇಳಿ ಕಳಿಸುತ್ತಿದ್ದ. ಪಡಸಾಲೆಯಲ್ಲಿ ಕೂತು ಅವನು ಏನು ಯೋಚಿಸುತ್ತಾನೆ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಚಹಾ ಕುಡಿಯುವಾಗ ಒಮ್ಮೊಮ್ಮೆ ಹೊಸ್ತಿಲ ಕಡೆ ತಿರುಗಿ "ಹೂಂ, ಗೆಲ್ತಿ" ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ಅದನ್ನು ಕೇಳಿಸಿಕೊಂಡರೆ ನನಗೆ ಆ ದಿನವೆಲ್ಲ ಯಾವ ಕೆಲಸವೂ ಓಡುತ್ತಿರಲಿಲ್ಲ.

ಈ ಚಳಿಗಾಲ ಶುರುವಾದಾಗ ಅವನು ಒಂದು ದಿನ ಇದ್ದಕ್ಕಿದ್ದಂತೆ ಕೆಳಗಿನ ಕಟ್ಟೆಗೆ ಹೋಗಿ ಸಾಲಿನಲ್ಲಿ ನಿಂತು, ಮಗಳ ಪರವಾಗಿ ಒಂದೇ ಒಂದು ಕಾಳು ಹಾಕಿ ಬಂದ. ದಾದಾಪೀರ ಗಾಬರಿಯಾಗಿ ನನ್ನನ್ನು ಹುಡುಕಿಕೊಂಡು ಬಂದ. "ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ, ಬಸಲಿಂಗವ್ವ. ಆಕೀ ಕೈ ಎದ್ದರ ಹೇಳು, ನಾಳೆಯಿಂದ ಬಿಡೂದಿಲ್ಲ." ಎಣಿಕೆಯಾದ ಮೇಲೆ ನಾನು ಇಂದುಮತಿಯ ಬಲಗೈ ಹಿಡಿದು ಕೂತೆ. ಏಳಲಿ, ನನ್ನ ಕೈಯನ್ನೂ ಎತ್ತಿಕೊಂಡು ಏಳಲಿ ಎಂದು ಕಾದೆ. ಏನೂ ಆಗಲಿಲ್ಲ. ಕೈ ಮೇಜಿನ ಮೇಲೆ ತಣ್ಣಗೆ ಮಲಗಿತ್ತು, ಬಿದ್ದದ್ದು ಅಪರಿಚಿತರ ಕಾಳಿನಷ್ಟೇ ತೂಕ. ದಾದಾಪೀರನಿಗೆ ಹಾಗೆಯೇ ಹೇಳಿದೆ. ಅವನು ತಲೆ ಕೆಳಗೆ ಹಾಕಿ, ಹಾಗಾದರೆ ಬಂದು ನಿಲ್ಲಲಿ, ಎಲ್ಲರ ಹಾಗೆ ಎಂದ.

ಅಂದಿನಿಂದ ಅಣ್ಣ ದಿನವೂ ಹೋಗುತ್ತಾನೆ. ನಿನ್ನೆ ಎಣ್ಣೆ ತಿಕ್ಕುತ್ತಿದ್ದಾಗ ಇಂದುಮತಿ ಬಲಗೈ ತಿರುಗಿಸಿ ನೋಡಿಕೊಳ್ಳುತ್ತಾ ಹೇಳಿದಳು. "ಯಾರೋ ದಿನಾ ಒಂದು ಕಾಳ ಹಾಕ್ತಾರ, ಅತ್ತಿ. ನಾ ಸೋತ ಮರುದಿನಾನೂ ಹಾಕ್ತಾರ. ಯಾರಂತ ಗುರುತು ಸಿಗವಲ್ದು."

"ಯಾರದೋ ಏನೋ," ಎಂದೆ. ನನ್ನ ಕಣ್ಣಿಂದ ನೀರು ಅವಳ ಅಂಗೈ ಮೇಲೆ ಬಿತ್ತು. ಎಣ್ಣೆಯೊಂದಿಗೆ ಸೇರಿಸಿ ತಿಕ್ಕಿಬಿಟ್ಟೆ.

ಮನೆಗೆ ಬಂದಾಗ ಅಣ್ಣ ಚಪ್ಪಲಿ ಮೆಟ್ಟಿಕೊಂಡು ಸಿದ್ಧನಾಗಿ ನಿಂತಿದ್ದ. "ಏನರ ಅಂದಳೇನು?" ಎಂದು ಕೇಳಿದ. ಅವನಿಗೆ ನಾನು ಸುಳ್ಳು ಹೇಳಿದರೆ ಗೊತ್ತಾಗುತ್ತದೆ.

"ಯಾರೋ ದಿನಾ ಒಂದು ಕಾಳ ಹಾಕ್ತಾರ ಅಂದಳು."

ಅಣ್ಣ ಆ 'ಯಾರೋ' ಎಂಬುದನ್ನು ತನ್ನೊಳಗೇ ತೂಗಿ ನೋಡಿದನೇನೋ.

"ಬ್ಯಾಡ ಅಂದಳೇನು?"

"ಇಲ್ಲ," ಎಂದೆ. "ಬ್ಯಾಡ ಅನ್ನಲಿಲ್ಲ."

ಅವನು ಚೀಲಕ್ಕೆ ಕೈ ಹಾಕಿ ಒಂದು ಕಾಳು ಆರಿಸಿಕೊಂಡು ಮುಷ್ಟಿಯಲ್ಲಿ ಹಿಡಿದ. ಆಮೇಲೆ ಇಳಿದು ಹೋಗಿ ಅಪರಿಚಿತರ ಸಾಲಿನಲ್ಲಿ ನಿಂತ.